ಹುಕ್ಕೇರಿಗೂ ನಾಕು, ಮೂಡಲಗಿಗೂ ನಾಕು

ಕಂಪ್ಯೂಟರ್ ಅಂದ್ರ ಏನು ಅಂತ ನನಗ ಯಾರೂ ಕುಂದರಿಸಿ ಹೇಳಿಕೊಡಲಿಲ್ಲ. ಅದಕ್ಕ ಧೂಳಾ ಆಗಂಗಿಲ್ಲ ಅಂತ ಅಷ್ಟ ಹೇಳಿದ್ರು. ತೊಂಬತ್ತರ ದಶಕದಾಗ ಗೋಕಾಕದ ನಮ್ಮ ಬೀಜ-ಗೊಬ್ಬರದ ಸೊಸಾಯ್ಟಿಗೆ ಮೊದಲನೇ ಮಶೀನ್ ಬಂದಾಗ ನಾ ಮನಿಯಿಂದ ಒಂದು ಕೌದಿ ತಂದು ಅದಕ್ಕ ಹೊಚ್ಚಿದ್ನಿ. ಚಾಲೂ ಇದ್ದಾಗೂ ತೆಗೀಲಿಲ್ಲ. ಮಧ್ಯಾಹ್ನ ಆಗೂದ್ರಾಗ ಮಶೀನ್ ಕಾದು ತಾನ ಬಂದ್ ಬಿತ್ತು. ಅಧ್ಯಕ್ಷರು ಬಂದು ಅದರ ಮೈಮ್ಯಾಲೆ ಕೈ ಇಟ್ಟು ನೋಡಿ, "ಮಾಸ್ತರ, ಇದಕ್ಕ ಜ್ವರ ಬಂದಾವಲ್ರಿ" ಅಂದ್ರು. "ಹೌದ್ರಿ" ಅಂದ್ನಿ. ಮತ್ತೇನ್ ಅನ್ಲಿ? ಟೈಪಿಂಗ್ ಕಲಸಾಂವ ಅಂತ ನನ್ನ ಮಾಸ್ತರ ಅಂತಿದ್ರು, ಟೈಪಿಂಗ್ ಬರತೈತಿ ಅಂತ ಕಂಪ್ಯೂಟರ್ ಮುಂದ ಕುಂದರಿಸಿದ್ರು.

ಈಗ ಈ ಕೆಲಸಕ್ಕ ಬರಾವ್ರು ನೀವು ದೊಡ್ಡ ದೊಡ್ಡ ಕಾಲೇಜ್ ಮುಗಿಸಿ ಬರತೀರಿ. ನಿಮಗ ಕಲಸೂವಂಥಾದ್ದು ನನ್ನ ಹತ್ರ ಏನೂ ಇಲ್ಲ. ಖರೆ, ಒಂದು ಮಾತು ನಿಮ್ಮ ಕಾಲೇಜಿನ್ಯಾಗ ಹೇಳಿರಾಕಿಲ್ಲ. ಈ ನೌಕರ್ಯಾಗ ಮುಕ್ಕಾಲು ಪಾಲು ದಿವಸ ಏನೂ ತಿಳೀದನ ಹೋಗತಾವ. ಮಶೀನ್ ಯಾಕ ನಿಂತೈತಿ ಗೊತ್ತಿಲ್ಲ, ಯಾಕ ಚಾಲೂ ಆತು ಅದೂ ಗೊತ್ತಿಲ್ಲ. ಮಂದಿ ಮಾತ್ರ ಎದುರಿಗೆ ನಿಂತು "ಏನಾಗೇತ್ರಿ?" ಅಂತ ಕೇಳತಿರತಾರ. ಪ್ರಮೋಶನ್ ಯಾವಾಗ ಆತು, ಪಗಾರ ಎಷ್ಟು ಏರಿತು ಅನ್ನೂದು ಬಿಡ್ರಿ, ಅದರಾಗ ಏನೂ ಸ್ವಾರಸ್ಯ ಇಲ್ಲ. ನನ್ನ ತಲಿ ಭಾಳ ಕೆಟ್ಟ ಒಂದು ಬಿತ್ತಗಿ ಹಂಗಾಮಿನ ಸುದ್ದಿ ಹೇಳತೇನಿ.

ಅದಕ್ಕೂ ಮೊದಲ ನಮ್ಮ ಕೆಲಸ ಹೆಂಗ ನಡೀತಿತ್ತು ಅಂತ ತಿಳಕೋರಿ. ಸೊಸಾಯ್ಟಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಹಿಂಗ ಮೂರು ಅಂಗಡಿ. ರೈತ ಅಂಗಡಿಗೆ ಬಂದು ಇಂಥಾ ಬೀಜ ಬೇಕಂತಾನ. ಗುಮಾಸ್ತ ಕಂಪ್ಯೂಟರಿನ್ಯಾಗ ಚೀಲ ಅದಾವೇನು ನೋಡಿ ಚೀಟಿ ಕೊಡತಾನ. ಚೀಟಿ ತೋರಿಸಿದ್ರ ಗೋಡಾವನ್ನ್ಯಾಗ ಚೀಲ ಕೊಡತಾರ. ಗೋಕಾಕದ ಕೆಳಗ ಕೌಜಲಗಿ, ಮೂಡಲಗಿ ಕೆಳಗ ಕಲ್ಲೋಳಿ, ಹುಕ್ಕೇರಿ ಕೆಳಗ ಹತ್ತರಗಿ ಇಂಥಾ ಊರಾಗ ನಮ್ಮ ಗುಮಾಸ್ತರು ಇದ್ರು, ಅವರು ಫೋನ್ ಲೈನ್ ಮ್ಯಾಲಿಂದ ತಮ್ಮ ತಮ್ಮ ಅಂಗಡಿ ಮಶೀನಿಗೆ ಬಂದು ಅಲ್ಲಿಂದನ ಚೀಟಿ ಹರಿಯಾವ್ರು. ಹಿಂಗಾಗಿ ಒಂದ ದಾಸ್ತಾನಿಗೆ ಭಾಳ ಕೈ.

ಒಂದು ವರ್ಷ ಗೋಕಾಕದ ಗೋಡಾವನ್ನ್ಯಾಗ ಗೋವಿನಜೋಳದ ಬೀಜ ಒಂದ ಚೀಲ ಉಳದಿತ್ತು. ಕೌಜಲಗಿ ಗುಮಾಸ್ತ ನೋಡಿದಾ, ಒಂದು ಐತಿ ಅಂತ ಚೀಟಿ ಹರದಾ. ಗೋಕಾಕದಾಂವನೂ ಅದ ಗಳಿಗ್ಯಾಗ ನೋಡಿದಾ, ಒಂದು ಐತಿ ಅಂತ ತಾನೂ ಹರದಾ. ಇಬ್ಬರು ರೈತರು ಗೋಡಾವನ್ನಿಗೆ ಬಂದು ಒಬ್ಬೊಬ್ಬರು ಒಂದೊಂದು ಮಗ್ಗಲಕ್ಕ ಚೀಲ ಹಿಡದು ಜಗ್ಗ್ಯಾಡಿದ್ರು. ಚೀಲ ಹರದು ಬೀಜ ಎಲ್ಲಾ ನೆಲಕ್ಕ ಬಿತ್ತು. ಅಧ್ಯಕ್ಷರು ನನ್ನ ಕರದು, "ಮಾಸ್ತರ, ಒಂದ್ರಾಗ ಒಂದು ಕಳದ್ರ ಎಷ್ಟು ಅಂತ ನಿಮ್ಮ ಮಶೀನಿಗೆ ಬರಂಗಿಲ್ಲೇನ್ರಿ?" ಅಂತ ನಾಕ ಮಂದ್ಯಾಗ ಬೈದ್ರು. ನನಗೂ ತಿಳೀಲಿಲ್ಲ. ಕಳಿಯೂದು ಎರಡೂ ಸಲ ಬರೋಬ್ಬರಿನ ಆಗಿತ್ತು.

ಇದನ್ನ ಸರಿ ಮಾಡಿದಾಕಿ ಸುನಂದಾ. ಕಲ್ಲೋಳಿ ಹುಡುಗಿ. ಬೌದ್ಧರ ಮನಿತನ, ತಂದಿ ಇರಲಿಲ್ಲ, ತಾಯಿ ಮಂದಿ ಹೊಲಕ್ಕ ದುಡ್ಯಾಕ ಹೋಗಾಕಿ. ಇಕಿ ಡಿಪ್ಲೊಮಾ ಮುಗಿಸಿ ನಮ್ಮಲ್ಲೆ ಹಂಗಾಮಿ ಅಂತ ಸೇರಿದ್ಲು. ವರ್ಷಾ ನೌಕರಿ ಆರ್ಡರ್ ಹೊಸಾದು ಮಾಡಬೇಕು, ಮಾಡಲಿಲ್ಲಂದ್ರ ಮನಿಗೆ. ಬಂದು ಸ್ವಲ್ಪ ದಿವಸಕ್ಕ ಹಳೇ ಪ್ರೋಗ್ರಾಮ್ ತೆಗದು ತಾನ ಹೊಸಾದು ಬರದ್ಲು. ಅದರಾಗ ದಾಸ್ತಾನಿನ ಲೆಕ್ಕಕ್ಕ ಒಂದು ಕೀಲಿ ಹಾಕಿದ್ಲು. ಚೀಟಿ ಹರಿಯಾವ್ರು ಮೊದಲ ಕೀಲಿ ಹಿಡೀಬೇಕು, ಚೀಲ ಕಡಿಮಿ ಮಾಡಬೇಕು, ಆಮ್ಯಾಲೆ ಕೀಲಿ ಬಿಡಬೇಕು. ಒಬ್ಬರ ಕಡೆ ಇದ್ದಾಗ ಉಳದಾವ್ರು ಬಾಗಿಲ ಮುಂದ ನಿಂತು "ಬಿಟ್ಟ್ಯಾ? ಬಿಟ್ಟ್ಯಾ?" ಅಂತ ಒಂದ ಸವನ ಕೇಳಕೋತ ಇರತಾರ.

"ಯಾಕ ಕೇಳಕೋತ ನಿಂದರಬೇಕು? ಕುಂತು ಕಾಯಬಾರದೇನು?" ಅಂತ ಕೇಳಿದ್ನಿ.

"ಕುಂತು ಮತ್ತ ಏಳೂದ್ರಾಗ ಹೊತ್ತು ಹೋಗತೈತ್ರಿ ಮಾಸ್ತರ. ಕೀಲಿ ಹಿಡದಾಂವ ಕಣ್ಣು ಪಿಳಕಸೂದ್ರಾಗ ಬಿಡತಾನ. ಅಷ್ಟಕ್ಕ ಯಾಕ ಕುಂದರಬೇಕು?"

ಖರೆ ಅನಿಸ್ತು. ಆಕಿ ಪ್ರೋಗ್ರಾಮ್ ವರ್ಷಾನುಗಟ್ಟಲೆ ಒಂದು ತಕರಾರ ಇಲ್ಲದ ನಡೀತು. ಒಂದು ಚೀಲಕ್ಕ ಎರಡು ಚೀಟಿ ಅನ್ನೂದು ಮತ್ತ ಆಗಲಿಲ್ಲ.

ಎರಡು ಸಾವಿರ ಇಸವಿ ದಾಟಿ ಆರೇಳು ವರ್ಷ ಆಗಿರಬೇಕು, ಮೂರೂ ಅಂಗಡ್ಯಾನ ಮಶೀನ್ ಮುಪ್ಪಾಗಿದ್ವು. ಅವನ್ನ ತೆಗದು ಗೋಕಾಕದಾಗ ಒಂದ ದೊಡ್ಡ ಮಶೀನ್ ಇಟ್ಟು, ಅದರೊಳಗ ಮೂರು ಸುಳ್ಳು ಮಶೀನ್ ಮಾಡೂದು ಅಂತ ಠರಾವ ಆತು. ಸುಳ್ಳು ಅನ್ನೂದು ನನ್ನ ಮಾತು. ಪುಣೆದಿಂದ ಬಂದ ಇಂಜಿನಿಯರ್ ವರ್ಚುವಲ್ ಅಂದ್ರು. ಡಬ್ಬಿ ಒಂದ, ಖರೆ ಒಳಗ ಮೂರೂ ಅಂಗಡಿಗೆ ತಮ್ಮ ತಮ್ಮ ಮಶೀನ್ ಬ್ಯಾರೆ ಬ್ಯಾರೆ ಅನಸತಾವಂತ.

ಅದನ್ನ ನೋಡಾಕ ಡೈರೆಕ್ಟರ್ ಮಂದಿ ಎಲ್ಲಾ ಬಂದ್ರು. ಹುಕ್ಕೇರಿಯಿಂದ ತಾತ್ಯಾಸಾಹೇಬ್ರು. ಜೈನರ ಹಳೇ ವ್ಯಾಪಾರಸ್ಥ ಮನಿತನ, ಕನ್ನಡದಾಗ ಚಾಲೂ ಮಾಡಿದ ಮಾತು ಸಿಟ್ಟು ಬಂತಂದ್ರ ಮರಾಠ್ಯಾಗ ಮುಗಸಾವ್ರು. ಡಬ್ಬಿ ಸುತ್ತ ಒಂದು ಸುತ್ತು ಹಾಕಿ, "ಇದರಾಗ ನಮ್ಮ ಹುಕ್ಕೇರಿದು ಯಾವುದ್ರಿ?" ಅಂದ್ರು.

"ಅದು ಕಾಣಂಗಿಲ್ಲ ಸಾಹೇಬ್ರ, ಒಳಗ ಐತಿ" ಅಂದ್ನಿ.

"ಒಳಗ ಅಂದ್ರ ಎಡಕ್ಕೋ, ಬಲಕ್ಕೋ?"

ನಾ ಇಂಜಿನಿಯರ್ ಮುಖ ನೋಡಿದ್ನಿ. ಅವರು ಪ್ರೊಸೆಸರ್ ಸುದ್ದಿ ತೆಗದು ಮಾತು ತಪ್ಪಿಸಿದ್ರು. ಡಬ್ಬ್ಯಾಗ ಖರೆ ಪ್ರೊಸೆಸರ್ ನಾಕು. ಗೋಕಾಕ ದೊಡ್ಡ ಅಂಗಡಿ, ಅದಕ್ಕ ಎರಡು, ಉಳದ ಎರಡಕ್ಕ ಒಂದೊಂದು ಕೊಡೋಣು ಅಂದ್ರು. ಅಷ್ಟ ಅನ್ನೂದ ತಡ, ತಾತ್ಯಾಸಾಹೇಬ್ರು ಎದ್ದ ನಿಂತ್ರು. "ಗೋಕಾಕಕ್ಕ ಎರಡು, ನಮಗ ಒಂದ? ಹುಕ್ಕೇರಿಯವರೇನ್ ಮಲತಾಯಿ ಮಕ್ಕಳೇನ್ರಿ?"

ಮೂಡಲಗಿ ಡೈರೆಕ್ಟರ್ ಲಗಮಣ್ಣನವರು ಹೆಚ್ಚು ಮಾತಾಡೂ ಮನಷ್ಯಾ ಅಲ್ಲ. ಅವರೂ ಅಂದ್ರು, "ಹುಕ್ಕೇರಿಗೆ ಎಷ್ಟೋ ಮೂಡಲಗಿಗೂ ಅಷ್ಟ. ಒಂದು ಕಡಿಮಿ ಆದ್ರೂ ನಾ ಸಹಿ ಮಾಡಂಗಿಲ್ಲ."

ನಮ್ಮ ಸೊಸಾಯ್ಟ್ಯಾಗ ಇದು ಮೊದಲಿಂದ ಬಂದ ಪದ್ಧತಿ. ಗೋಕಾಕದ ಅಂಗಡಿಗೆ ಹೊಸ ಬೋರ್ಡ್ ಬಂದ್ರ ಮೂಡಲಗಿಗೂ ಹುಕ್ಕೇರಿಗೂ ಅಷ್ಟ ಉದ್ದ, ಅಷ್ಟ ಅಗಲದ ಬೋರ್ಡ್ ಬರಬೇಕು. ಒಂದು ಕಡೆ ಫ್ಯಾನ್ ಹಾಕಿದ್ರ ಮೂರೂ ಕಡೆ ಹಾಕಬೇಕು. ಪ್ರೊಸೆಸರ್ ಅಂದ್ರ ಏನು ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಖರೆ ಯಾರಿಗೂ ಕಡಿಮಿ ಬ್ಯಾಡಾಗಿತ್ತು.

ವಾದ ಹೊತ್ತು ಏರಿದಂಗ ಏರಿತು. ಕಡೀಕ ಇಂಜಿನಿಯರ್ ಸಾಕಾಗಿ, "ಎಲ್ಲಾರಿಗೂ ನಾಕ ನಾಕ ಕೊಡಾಕೂ ಬರತೈತ್ರಿ" ಅಂದ್ರು.

"ಇರೂದ ನಾಕು ಅಂದ್ರಿ?" ಅಂತ ನಾ ಕೇಳಿದ್ನಿ.

"ಅದ ಇದರ ಮಜಾ ಮಾಸ್ತರ. ಪಾಳಿ ಪ್ರಕಾರ ಕೊಡತೈತಿ. ಪ್ರತಿ ಮಶೀನಿಗೂ ತನ್ನ ಕಡೆ ನಾಕು ಅದಾವಂತ ಅನಸತೈತಿ."

ಅಧ್ಯಕ್ಷರ ಮುಖ ಅರಳಿತು. ಇಷ್ಟು ವರ್ಷದಾಗ ಎಲ್ಲಾರಿಗೂ ಸಮಾಧಾನ ಆಗೂವಂಥಾ ಪಾಲು ಅವರು ಮಾಡಿದ್ದು ಇದ ಮೊದಲು. ಪೇಡೆ ತರಿಸಿ ಹಂಚಿದ್ರು. ನಾನೂ ಎರಡು ತಿಂದ್ನಿ. ನಾಕು ಹೋಗಿ ಹನ್ನೆರಡು ಹೆಂಗ ಆದ್ವು ಅಂತ ಮನಿಗೆ ಹೋಗೂತನಾ ವಿಚಾರ ಮಾಡಿದ್ನಿ, ಬಗೀಹರೀಲಿಲ್ಲ.

ಬ್ಯಾಸಗಿ ಪೂರಾ ಚಲೋ ನಡೀತು. ಬ್ಯಾಸಗ್ಯಾಗ ಬೀಜ ಯಾರು ಒಯ್ತಾರ? ಮಿರಗದ ಮಳಿ ಬಿತ್ತು ನೋಡ್ರಿ, ಸೋಯಾಬೀನ್ ಬೀಜಕ್ಕ ಮಂದಿ ಮುಕರಿಬಿದ್ರು. ಆವತ್ತಿಂದ ನಮ್ಮ ಮಶೀನ್ ನಿಂತುಬಿಡ್ತು. ನಿಂತಿತ್ತು ಅನ್ನಾಕೂ ಬರಂಗಿಲ್ಲ. ಹತ್ತರಗಿ ಗುಮಾಸ್ತ ಫೋನ್ ಮಾಡಿ, "ಮಾಸ್ತರ, ಬಟನ್ ಒತ್ತಿ, ಹೈವೇ ದಾಟಿ ಹೋಗಿ, ಚಾ ಕುಡದು ತಿರುಗಿ ಬಂದೇನ್ರಿ. ಇನ್ನೂ ಚೀಟಿ ಬಂದಿಲ್ಲ. ಮಂದಿ ನನ್ನ ಹೊಡ್ಯಾಕ ಬರಾಕತ್ತಾರ" ಅಂದಾ. ಅಂವ ಇಡೂದ್ರಾಗ ಕಲ್ಲೋಳಿ ಫೋನ್. ಅದನ್ನ ಇಡೂದ್ರಾಗ ಕೌಜಲಗಿ.

ನಾ ಮಶೀನಿನ ಒಳಗ ಏನ್ ನಡದೈತಿ ಅಂತ ಪರದೆ ಮ್ಯಾಲೆ ನೋಡಿದ್ನಿ. ನಾಕೂ ಪ್ರೊಸೆಸರ್ ನೂರಕ್ಕ ನೂರು ದುಡ್ಯಾಕತ್ತಿದ್ವು. ಒಂದು ಗಳಿಗಿ ಪುರುಸೊತ್ತಿಲ್ಲ. ಅಷ್ಟು ದುಡದ್ರೂ ಕೆಲಸ ಮಾತ್ರ ಆಗವಲ್ದು. ಮೈಗಳ್ಳನನ್ನ ಹಿಡೀಬಹುದು, ಬೈಬಹುದು. ಇಷ್ಟು ಬೆವರು ಹರಸಾವನಿಗೆ ಏನಂತ ಬೈಲಿ?

ಲೈನ್ ಕೆಟ್ಟಿರಬೇಕು ಅಂತ ಮೋಡೆಮ್ ಬದಲಿ ಮಾಡಿದ್ನಿ. ಝಳಕ್ಕ ಹಿಂಗಾಗಿರಬೇಕು ಅಂತ ಕಿಟಕಿಗೆ ಗೋಣಿತಟ್ಟು ನೀರಾಗ ಎದ್ದಿ ಕಟ್ಟಿದ್ನಿ. ವೈರಸ್ ಅಂತ ಹುಡುಕಿದ್ನಿ. ಸಿಪಾಯಿ ಮಲ್ಲಪ್ಪ ಒಂದು ಲಿಂಬಿಹಣ್ಣು, ನಾಕ ಮೆಣಸಿನಕಾಯಿ ಪೋಣಿಸಿ ತಂದು ಡಬ್ಬಿಗೆ ಕಟ್ಟಿದಾ. ನಾ ಬ್ಯಾಡನ್ನಲಿಲ್ಲ. ನನ್ನ ಉಪಾಯಕ್ಕಿಂತ ಅವಂದು ಕಡಿಮಿ ಅನ್ನಾಕ ನನ್ನ ಕಡೆ ಏನ್ ಆಧಾರ ಇತ್ತು?

ಡೈರೆಕ್ಟರ್ ಮಂದಿ ಗಡಬಡ್ಸಿ ಮೀಟಿಂಗ್ ಕರದ್ರು. ತಾತ್ಯಾಸಾಹೇಬ್ರು ಒಂದ ಏಟಿಗೆ ಹೇಳಿದ್ರು, "ಮಶೀನ್ ಹೊಸಾದು. ಪ್ರೊಸೆಸರ್ ನಾಕು. ಹಳೇದು ಅಂದ್ರ ಆ ಹುಡುಗಿ ಪ್ರೋಗ್ರಾಮ್ ಒಂದ ಉಳದೈತಿ. ಮತ್ತ ದೋಷ ಯಾರದು?" ಕೇಳಾಕ ಎಷ್ಟು ಸರಳ ಇತ್ತಂದ್ರ, ನನಗೂ ಒಂದು ಕ್ಷಣ ಹೌದಲ್ಲ ಅನಿಸಿಬಿಡ್ತು.

ಅಧ್ಯಕ್ಷರು ಸುನಂದಾನ್ನ ಕರಸಿದ್ರು. "ಅದೇನೋ ಕೀಲಿ ಹಾಕೀಯಂತಲ್ಲ, ಅದಕ್ಕ ಮಂದಿ ಕಾಯೂದಾಗೇತಿ. ತೆಗದ ಒಗಿ ಅದನ್ನ."

"ತೆಗೀತೇನ್ರಿ. ಒಂದು ಚೀಲಕ್ಕ ಎರಡು ಚೀಟಿ ಹೋದ್ರ ಗೋಡಾವನ್ನ್ಯಾಗ ನೀವು ಬಂದು ನಿಂದರತೀರೇನ್ರಿ?" ಅಂದ್ಲು.

ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಮೀಟಿಂಗಿನೊಳಗ ಇದು ಸರಿ ಆಗದಿದ್ರ ಪುಣೆದಿಂದ ಬ್ಯಾರೆ ಪ್ರೋಗ್ರಾಮ್ ತರಸೂದು, ಸುನಂದಾನ ಆರ್ಡರ್ ಹೊಸಾದು ಮಾಡೂದಿಲ್ಲ ಅಂತ ಅಲ್ಲೇ ಠರಾವ ಬರಸಿದ್ರು. ಹೊರಗ ಬಂದು ಆಕಿ ಕಣ್ಣೀರು ಹಾಕಲಿಲ್ಲ. "ಮಾಸ್ತರ, ನನ್ನ ಪ್ರೋಗ್ರಾಮ್ ಕೆಟ್ಟಿದ್ರ ಕೆಟ್ಟೈತಿ ಅಂತ ಒಪ್ಪತೇನ್ರಿ. ಅದು ಎಲ್ಲಿ ಕೆಟ್ಟೈತಿ ಅಂತ ತೋರಸ್ರಿ, ನಾನ ಎದ್ದ ಹೋಗತೇನಿ" ಅಂದ್ಲು. ನನಗ ತೋರಸಾಕ ಬರಂಗಿದ್ರ ತೋರಸ್ತಿದ್ನಿ.

ಇಬ್ಬರೂ ಬಾಜೂ ಬಾಜೂ ಕುರ್ಚಿ ಹಾಕ್ಕೊಂಡು ಪರದೆ ನೋಡಕೋತ ಕುಂತ್ವಿ. "ತಿಳೀತೇನ್ರಿ?" ಅಂತ ಆಕಿ ಕೇಳಾಕಿ. "ಇಲ್ಲವ್ವಾ, ನಿನಗ?" ಅಂತ ನಾ ಕೇಳಾಂವ. "ನನಗೂ ಇಲ್ರಿ." ಮತ್ತ ನೋಡಕೋತ ಕುಂದರೂದು.

ಒಂದು ದಿವಸ ಮೂಡಲಗಿ ಗುಮಾಸ್ತ ಫೋನ್ ಮಾಡಿ, "ಏನ್ ಮಾಡಿದ್ರಿ ಮಾಸ್ತರ? ಇವತ್ತು ಚೀಟಿ ಪಟಾಪಟಾ ಬರಾಕತ್ತಾವ. ಮಂದಿ ನಿಮ್ಮ ಹೆಸರು ತಗೊಂಡು ಹೊಗಳಾಕತ್ತಾರ" ಅಂದಾ. ನಾ ಏನೂ ಮಾಡಿದ್ದಿಲ್ಲ. ಬರೇ ಹ್ಞೂಂ ಅಂದ್ನಿ. ಮರುದಿವಸ ಮತ್ತ ಮೊದಲಿನಂಗ ಆತು. ಮುಂದಿನ ವಾರ ಅದ ದಿವಸ ಮತ್ತ ಪಟಾಪಟಾ. ಸುನಂದಾ ಕ್ಯಾಲೆಂಡರ್ ನೋಡಿ, "ಮಾಸ್ತರ, ಅವತ್ತು ಹುಕ್ಕೇರಿ ಅಂಗಡಿಗೆ ವಾರದ ಸೂಟಿ" ಅಂದ್ಲು.

ಅಯ್ಯ ಶಿವನ! ಹುಕ್ಕೇರಿ ಅಂಗಡಿ ಬಾಗಿಲ ಹಾಕಿದ್ರ ಮೂಡಲಗಿ ಮಶೀನ್ ಯಾಕ ಓಡಬೇಕು? ಊರ ಬ್ಯಾರೆ, ದಾಸ್ತಾನ ಬ್ಯಾರೆ, ಇಂಜಿನಿಯರ್ ಹೇಳಿದಂಗ ಮಶೀನೂ ಬ್ಯಾರೆ. ಒಬ್ಬರ ಕೀಲಿ ಇನ್ನೊಬ್ಬರು ಮುಟ್ಟಾಕೂ ಬರಂಗಿಲ್ಲ. ನಾ ತಲಿಮ್ಯಾಲೆ ಕೈ ಹೊತ್ತು ಕುಂತ್ನಿ.

ಸುನಂದಾ ಆವಾಗ ಒಂದು ಕೆಲಸ ಮಾಡಿದ್ಲು. ಯಾರು ಕೀಲಿ ಹಿಡದ್ರು, ಎಷ್ಟೊತ್ತು ಇಟಗೊಂಡ್ರು ಅಂತ ಪ್ರೋಗ್ರಾಮ್ ತಾನ ಅಳದು ಪರದೆ ಮ್ಯಾಲೆ ತೋರಸೂ ಹಂಗ ಮಾಡಿದ್ಲು. ಭಾಳ ಸಲ ಕಣ್ಣು ಪಿಳಕಸೂದ್ರಾಗ ಹಿಡದು ಬಿಟ್ಟಿದ್ರು. ನಡುವ ನಡುವ ಮಾತ್ರ ಯಾವನೋ ಒಬ್ಬಾಂವ ಹಿಡದಾಂವ ಬಿಟ್ಟ ಇಲ್ಲ. ಅಷ್ಟೊತ್ತು ಅಂವ ಏನ್ ಮಾಡ್ಯಾನ ಅಂತ ನೋಡಿದ್ರ, ಏನೂ ಮಾಡಿಲ್ಲ. ಚೀಲಾನೂ ಕಡಿಮಿ ಮಾಡಿಲ್ಲ, ಕೀಲಿನೂ ಬಿಟ್ಟಿಲ್ಲ.

"ಕೀಲಿ ಉಡ್ಯಾಗ ಕಟಗೊಂಡು ಎಲ್ಲಿ ಹೋಗಿದ್ನ್ರಿ ಇಂವ?" ಅಂದ್ಲು ಸುನಂದಾ.

"ಒಳಗ ಎಲ್ಲಿ ಹೋಗಾಕ ಬರತೈತಿ?" ಅಂದ್ನಿ.

ಆಕಿ ಸಾವಕಾಶ, ತನಗ ತಾನ ಹೇಳಿಕೊಂಡಂಗ ಹೇಳಿದ್ಲು. "ಖರೆ ಪ್ರೊಸೆಸರ್ ಅಂದ್ರ ಕುರ್ಚಿ ಅಂತ ತಿಳಕೋರಿ. ಅಂಗಡಿಗೆ ನಾಕರಂಗ ಕೊಟ್ಟ ಸುಳ್ಳು ಪ್ರೊಸೆಸರ್ ಅಂದ್ರ ಕೆಲಸಕ್ಕ ಬಂದ ಮಂದಿ. ಕುರ್ಚಿ ನಾಕು, ಮಂದಿ ಹನ್ನೆರಡು. ಕುರ್ಚ್ಯಾಗ ಕುಂತಾಂವ ಅಷ್ಟ ದುಡೀತಾನ. ಹೊರಗಿನ ಡಬ್ಬಿ ಪಾಳಿ ಪ್ರಕಾರ ಒಬ್ಬನ್ನ ಎಬ್ಬಿಸಿ ಇನ್ನೊಬ್ಬನ್ನ ಕುಂದರಸತೈತಿ. ಮೂಡಲಗಿಯಾಂವ ಒಬ್ಬಾಂವ ಕೀಲಿ ಹಿಡದ ಗಳಿಗ್ಯಾಗನ 'ನಿನ್ನ ಪಾಳಿ ಮುಗೀತು, ಏಳು' ಅಂದ್ರ? ಅಂವ ಕೀಲಿ ಸಮೇತ ಹೊರಗ ಹೋಗಿ ನಿಂದರತಾನ. ಅವನ ಜಾಗಕ್ಕ ಹುಕ್ಕೇರಿಯಾಂವ ಬಂದು ಕುಂದರತಾನ. ಉಳದ ಮೂಡಲಗಿ ಮಂದಿಗೆ ಕುರ್ಚಿ ಸಿಕ್ರೂ 'ಬಿಟ್ಟ್ಯಾ? ಬಿಟ್ಟ್ಯಾ?' ಅಂತ ಕೇಳೂದ ಒಂದ ಕೆಲಸ. ಅದನ್ನ ಡಬ್ಬಿ ದುಡಿಮಿ ಅಂತ ಎಣಸತೈತಿ."

"ಹಂಗಾರ ನೂರಕ್ಕ ನೂರು ದುಡ್ಯಾಕತ್ತಿದ್ದು…"

"ಬರೇ ಕೇಳೂದು. ಕೀಲಿ ಇದ್ದಾಂವಗ ಕುರ್ಚಿ ಇಲ್ಲ, ಕುರ್ಚಿ ಇದ್ದಾವ್ರಿಗೆ ಕೀಲಿ ಇಲ್ಲ."

ನನಗ ಅರ್ಧಾ ತಿಳೀತು. ಡಬ್ಬಿಗೆ ಬುದ್ಧಿ ಇಲ್ಲೇನು, ಕೀಲಿ ಹಿಡದಾವನ್ನ ಯಾಕ ಎಬ್ಬಸತೈತಿ ಅಂತ ಕೇಳಿದ್ನಿ. ಕೀಲಿ ಇದ್ದದ್ದು ಒಳಗಿನಾವ್ರಿಗೆ ಗೊತ್ತು, ಹೊರಗಿನ ಡಬ್ಬಿಗೆ ಗೊತ್ತಾಗಂಗಿಲ್ಲಂತ. ಪುಣೆ ಇಂಜಿನಿಯರಿಗೆ ಫೋನ್ ಹಚ್ಚಿ ಕೇಳಿದ್ರ, "ಹಂಗ ಆಗತೈತಿ ಅಂತ ಕೇಳೇನ್ರಿ, ಖರೆ ಕಣ್ಣಿಲೆ ನೋಡಿಲ್ಲ" ಅಂದ್ರು. ಅವರೂ ನಮ್ಮಂಗ ತಿಳೀದಾವ್ರ ಪಂಗಡದಾವ್ರ ಅಂತ ಆವತ್ತು ಗೊತ್ತಾಗಿ ನನಗ ಧೈರ್ಯ ಬಂತು.

ಸುನಂದಾ ತನ್ನ ಕೀಲಿ ಸುಧಾರಿಸಿದ್ಲು. ಸ್ವಲ್ಪೊತ್ತು ಕೇಳು, ಸಿಗಲಿಲ್ಲಂದ್ರ ಸುಮ್ನ ಕುರ್ಚಿ ಬಿಟ್ಟು ಹೋಗಿ ಮಲಕೋ, ಸ್ವಲ್ಪ ಬಿಟ್ಟು ಬಂದು ಮತ್ತ ಕೇಳು ಅಂತ ಬರದ್ಲು. ಅರ್ಧಾ ಚೇತರಿಸ್ತು. ಪೂರಾ ಆಗಲಿಲ್ಲ. ಯಾಕಂದ್ರ ಇಕಿ ಪ್ರೋಗ್ರಾಮಿನ ಕೆಳಗ ಮಶೀನಿನ ಸ್ವಂತ ಪ್ರೋಗ್ರಾಮ್ ಇರತೈತಿ, ಅದರಾಗೂ ಇಂಥಾವ ಸಣ್ಣ ಸಣ್ಣ ಕೀಲಿ ಅದಾವ, ಅವು ಇನ್ನೂ ಹಳೇ ಹಂಗ ಒಂದ ಸವನ ಕೇಳಕೋತನ ಇದ್ವು. ಅವನ್ನ ಮುಟ್ಟೂದು ನಮ್ಮ ಕೈಲೆ ಆಗೂ ಮಾತಲ್ಲ. ಉಳದದ್ದು ಒಂದ ದಾರಿ. ಹನ್ನೆರಡು ಮಂದಿನ್ನ ಮೂರಕ್ಕ ಇಳಸೂದು. ಒಂದು ಅಂಗಡಿಗೆ ಒಂದ ಪ್ರೊಸೆಸರ್. ಆವಾಗ ಎಲ್ಲಾರಿಗೂ ಕುರ್ಚಿ ಸಿಗತೈತಿ, ಯಾರನ್ನೂ ಎಬ್ಬಸೂದು ಬ್ಯಾಡ.

ಆದ್ರ ಡೈರೆಕ್ಟರ್ ಮಂದಿಗೆ ಕೇಳದ ಪ್ರೊಸೆಸರ್ ಮುಟ್ಟೂ ಹಂಗಿರಲಿಲ್ಲ, ನಾಕ ನಾಕ ಅಂತ ಠರಾವಿನ್ಯಾಗ ಬರದಿತ್ತು. ಮೀಟಿಂಗಿನ್ಯಾಗ ನಾ ಹೇಳಿದ್ನಿ, "ಸಾಹೇಬ್ರ, ಪ್ರೊಸೆಸರ್ ಕಡಿಮಿ ಮಾಡಿದ್ರ ಜೋರಾಗಿ ಓಡತೈತ್ರಿ."

ಎಲ್ಲಾರೂ ನನ್ನ ಮುಖ ನೋಡಿದ್ರು. "ಎತ್ತು ಬಿಚ್ಚಿದ್ರ ಗಾಡಿ ಜೋರ ಓಡತೈತೇನ್ರಿ ಮಾಸ್ತರ?" ಅಂದ್ರು ತಾತ್ಯಾಸಾಹೇಬ್ರು. ಮಂದಿ ಎಲ್ಲಾ ನಕ್ರು. ಸುನಂದಾ ಕುರ್ಚಿ ಕತಿ ಹೇಳಾಕ ಹೋದ್ಲು. "ಹುಕ್ಕೇರಿಯಾಂವ ಬಂದು ಕುಂದರತಾನ" ಅನ್ನೂದ್ರಾಗ ತಾತ್ಯಾಸಾಹೇಬ್ರು, "ನಮ್ಮ ಮಂದಿ ಯಾರ ಕುರ್ಚಿನೂ ಕಸಗೊಳ್ಳೂ ಮಂದಿ ಅಲ್ಲ" ಅಂತ ಸಿಡದ್ರು. ಮುಂದಿಂದು ಎಲ್ಲಾ ಮರಾಠ್ಯಾಗ. ಲಗಮಣ್ಣನವರು, "ಮೊದಲ ಹುಕ್ಕೇರಿದು ತಗೀರಿ, ಆಮ್ಯಾಲೆ ನಮ್ಮದು" ಅಂದ್ರು. ಗೋಕಾಕದಾವ್ರು, "ನಮ್ಮದು ಮುಖ್ಯ ಅಂಗಡಿ, ನಮ್ಮ ಸುದ್ದಿಗೆ ಬರಬ್ಯಾಡ್ರಿ" ಅಂದ್ರು. ಯಾರೂ ಒಂದು ಬಿ‌ಡಾಕ ತಯಾರಿಲ್ಲ. ಸುನಂದಾನ ಮುಖ ಸಣ್ಣದಾಗಿತ್ತು. ಆವತ್ತು ಆಗಲಿಲ್ಲಂದ್ರ ಆಕಿ ನೌಕರಿ ಮುಗೀತು.

ಆಕಿನ್ನ ಉಳಿಸಿದ್ದು ಇಳಿಹೊತ್ತು. ತಾತ್ಯಾಸಾಹೇಬ್ರು ಹೊತ್ತು ಮುಣಗಿದ ಮ್ಯಾಲೆ ತುತ್ತು ಮುಟ್ಟಾವ್ರಲ್ಲ. ಅವತ್ತು ಗೋಕಾಕದಾಗ ಬೀಗರ ಮನ್ಯಾಗ ಊಟ ಇತ್ತು. ಅವರು ಕಿಟಕಿ ಕಡೆ ನೋಡೂದು, ಗಡಿಯಾರ ನೋಡೂದು ಚಾಲೂ ಆತು. ಅದ ಹೊತ್ತಿಗೆ ಸುನಂದಾ ಎದ್ದು, "ಸಾಹೇಬ್ರ, ನಾ ಮೂಡಲಗಿ ಕಡೇದಾಕಿ. ನಮ್ಮ ಮೂಡಲಗಿಂದ ಕಡಿಮಿ ಮಾಡ್ರಿ. ಕೆಟ್ರ ಹೆಂಗೂ ನಾ ಮನಿಗೆ ಹೋಗಾಕಿ" ಅಂದ್ಲು. ಲಗಮಣ್ಣನವರು ಬಾಯಿ ತೆಗಿಯೂದ್ರಾಗ ತಾತ್ಯಾಸಾಹೇಬ್ರು ಟೊಪಗಿ ಹಾಕ್ಕೊಂಡು, "ಮೂಡಲಗಿದು ಕಡಿಮಿ ಆಗೂದಕ್ಕ ನಮ್ಮದೇನೂ ಅಡ್ಡಿ ಇಲ್ಲ. ಮಾಡ್ರಿ, ಮಾಡ್ರಿ" ಅಂತ ಹೊಂಟ ಬಿಟ್ರು. ಅಧ್ಯಕ್ಷರು ಠರಾವ ಬರಸಿದ್ರು. ಉಳದಾವ್ರೆಲ್ಲಾ ಹ್ಞೂಂ ಅಂದಿದ್ರಿಂದ ಲಗಮಣ್ಣನವರೂ ಸಹಿ ಮಾಡಬೇಕಾತು, ಮಾಡೂ ಮುಂದ ನನ್ನ ಕಡೆ ಹೆಂಗ ದುರುಗುಟ್ಟಿ ನೋಡಿದ್ರು ಅಂದ್ರ, ಇವತ್ತಿಗೂ ನೆನಸಿಕೊಂಡ್ರ ಮೈ ಜುಮ್ ಅಂತೈತಿ.

ಮರುದಿವಸ ಮುಂಜಾನೆ ಮೂಡಲಗಿಗೆ ಒಂದ ಪ್ರೊಸೆಸರ್ ಇಟ್ವಿ. ಒಬ್ಬಾಂವನ ಇದ್ದ ಮ್ಯಾಲೆ 'ಬಿಟ್ಟ್ಯಾ?' ಅಂತ ಯಾರು ಯಾರಿಗೆ ಕೇಳತಾರ? ಬಟನ್ ಒತ್ತೂದು, ಚೀಟಿ ಬರೂದು. ಕಲ್ಲೋಳಿಯಾಗ ಸಾಲಾಗಿ ನಿಂತ ಮಂದಿ ಚೀಟಿ ತಗೊಂಡು, ಗೋಡಾವನ್ನಿಂದ ಬೈಕ್ ಮ್ಯಾಲೆ ಚೀಲ ಇಟಗೊಂಡು ಬಿಸಲೇರೂದ್ರಾಗ ಹೊಲ ಮುಟ್ಟಿದ್ರು. ನಾವಿಬ್ಬರೂ ಪರದೆ ಮುಂದ ಕುಂತು ಹುಚ್ಚರಂಗ ನಕ್ವಿ. ಹುಕ್ಕೇರಿ, ಗೋಕಾಕ ಇನ್ನೂ ಬೆವರು ಸುರಸಕೋತ "ಬಿಟ್ಟ್ಯಾ? ಬಿಟ್ಟ್ಯಾ?" ಅನ್ನಾಕತ್ತಿದ್ವು.

ಸುದ್ದಿ ಹುಕ್ಕೇರಿ ಮುಟ್ಟಾಕ ಎಷ್ಟೊತ್ತು? ತಾತ್ಯಾಸಾಹೇಬ್ರು ಜೀಪ್ ತಗೊಂಡು ಖುದ್ದ ಬಂದ್ರು. ಬಾಗಿಲದಾಗ ನಿಂತ ಚಾಲೂ ಮಾಡಿದ್ರು, "ಮೂಡಲಗಿಗೆ ಒಂದು ಕೊಟ್ಟು ನಮಗ ನಾಕು ಹೇರೀರೇನ್ರಿ? ಏನ್ ಅನ್ಯಾಯ ಇದು! ಅವರಿಗೆ ಎಷ್ಟೋ ನಮಗೂ ಅಷ್ಟ ಬೇಕು. ಈಗಿಂದೀಗ ಒಂದು ಮಾಡ್ರಿ!" ಅವರ ಹಿಂದಿಂದನ ಗೋಕಾಕದಾವ್ರು, ನಮಗೂ ಒಂದ ಬೇಕು ಅಂತ ಬಂದ್ರು. ನಾವು ಮಾಡಿಕೊಟ್ವಿ. ಮೂರೂ ಅಂಗಡಿ ಓಡಿದ್ವು. ಹಂಗಾಮು ಪಾರಾತು.

ಬಿತ್ತಗಿ ಮುಗದ ಮ್ಯಾಲೆ ಮತ್ತ ಮೀಟಿಂಗ್. ಅಧ್ಯಕ್ಷರು ಸುನಂದಾನ್ನ ಬಾಯಿತುಂಬ ಹೊಗಳಿದ್ರು. ಪುಣೆ ಪ್ರೋಗ್ರಾಮಿನ ಠರಾವ ರದ್ದು ಮಾಡಿದ್ರು. ಆಕಿನ್ನ ಕಾಯಂ ಮಾಡೂ ಸುದ್ದಿ ನಾನ ತೆಗದ್ನಿ. ಆವಾಗ ತಾತ್ಯಾಸಾಹೇಬ್ರು ಸಾವಕಾಶ, ಸಿಟ್ಟಿಲ್ಲದ, ಪೂರಾ ಕನ್ನಡದಾಗ ಕೇಳಿದ್ರು.

"ಮಾಸ್ತರ, ನೀವ ಸಿದ್ಧ ಮಾಡಿ ತೋರಿಸಿದ್ರಿ. ಹೆಚ್ಚು ಮಂದಿ ಇದ್ರ ಒಬ್ಬರನ್ನೊಬ್ಬರು ಕಾಯಕೋತ ನಿಂದರತಾರ, ಕೆಲಸ ಆಗಂಗಿಲ್ಲ. ಅಂಗಡಿಗೆ ಒಂದ ಸಾಕು. ಹಂಗಾರ ಸೊಸಾಯ್ಟಿಗೆ ಕಂಪ್ಯೂಟರ್ ಮಂದಿ ಇಬ್ಬರು ಯಾಕ ಬೇಕ್ರಿ? ಒಬ್ಬರು ಸಾಲಂಗಿಲ್ಲೇನು?"

ಮಶೀನ್ ಬ್ಯಾರೆ, ಮನಷ್ಯಾರು ಬ್ಯಾರೆ ಅನ್ನೂ ಮಾತು ನಾಲಿಗಿ ತುದಿಗೆ ಬಂತು. ಬ್ಯಾರೆ ಹೆಂಗ ಅಂತ ಕೇಳಿದ್ರ ಹೇಳಾಕ ನನಗ ತಿಳೀಲಿಲ್ಲ. ಅಧ್ಯಕ್ಷರು ಹೌದಂತ ಗೋಣು ಹಾಕಿದ್ರು. ಲಗಮಣ್ಣನವರೂ ಹಾಕಿದ್ರು. ಮೂರು ಊರ ಡೈರೆಕ್ಟರ್ ಮಂದಿ ವಾದ ಇಲ್ಲದ ಒಂದ ಮಾತಿಗೆ ಒಪ್ಪಿದ್ದು ಅದೊಂದ ಸಲ ನಾ ನೋಡಿದ್ದು. ನಾ ಕಾಯಂ ನೌಕರ, ಸುನಂದಾ ಹಂಗಾಮಿ. ಯಾರನ್ನ ತೆಗೀತಾರ ಅಂತ ಯಾರೂ ಬಾಯಿಬಿಟ್ಟು ಹೇಳೂದು ಬೇಕಾಗಿರಲಿಲ್ಲ. ಆಕಿ ಬಾಗಿಲ ಹತ್ರ ನಿಂತಿದ್ಲು. ಕೈಯಾಗಿನ ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗ ಮಾಡಿದ್ಲು.

"ಹೇಳ್ರಿ ಮಾಸ್ತರ, ಒಬ್ಬರು ಸಾಕಲ್ಲ?" ಅಂದ್ರು ಅಧ್ಯಕ್ಷರು.

"ಸಾಕ್ರಿ" ಅಂದ್ನಿ. "ಆಕಿ ಒಬ್ಬಾಕಿ ಸಾಕು. ನಾ ರಾಜೀನಾಮಿ ಕೊಡತೇನಿ, ಆಕಿನ್ನ ಕಾಯಂ ಮಾಡ್ರಿ."

ಹೆಂಗ ಅಂದ್ನೋ ನನಗ ಗೊತ್ತಿಲ್ಲ. ನಿವೃತ್ತಿಗೆ ಇನ್ನೂ ನಾಕೈದು ವರ್ಷ ಇದ್ವು. ದೊಡ್ಡ ತ್ಯಾಗ ಮಾಡೇನಿ ಅಂತ ನೀವೇನ್ ತಿಳಕೋಬ್ಯಾಡ್ರಿ. ಆಕಿ ಹೋಗಿ ನಾ ಒಬ್ಬಾಂವ ಉಳದ್ರ, ಮುಂದಿನ ಸಲ ಮಶೀನ್ ನಿಂತಾಗ ನಾ ಡಬ್ಬಿಗೆ ಲಿಂಬಿಹಣ್ಣು ಕಟ್ಟೂದ ಉಳೀತಿತ್ತು. ಆ ಹೆದರಿಕಿನೂ ಇತ್ತು.

ಹೊರಗ ಬಂದ ಮ್ಯಾಲೆ ಆಕಿ ನನಗ ನಮಸ್ಕಾರ ಮಾಡತಾಳ, ಕಣ್ಣೀರು ಹಾಕತಾಳ ಅಂತ ತಿಳದಿದ್ನಿ. ಕಣ್ಣೀರು ಬಂತು, ಖರೆ ಅದು ಸಿಟ್ಟಿಂದು. "ನಾ ನಿಮ್ಮನ್ನ ಬೇಡಿದ್ನೇನ್ರಿ? ಒಂದು ಮಾತು ನನಗ ಕೇಳಿದ್ರೇನ್ರಿ?" ಅಂತ ಕಟ್ಟಿಮ್ಯಾಲಿನ ಮಂದಿ ನೋಡೂ ಹಂಗ ಒದರಿದ್ಲು. "ಎಲ್ಲಾರೂ ನನ್ನ ಪ್ರೋಗ್ರಾಮ್ ಕೆಟ್ಟೈತಿ ಅಂದಾಗ ನನಗ ಹುಚ್ಚ ಹಿಡೀಲಿಲ್ಲ ಯಾಕ ಗೊತ್ತೇನ್ರಿ? ಬಾಜೂಕ ನೀವು ಕುಂತು 'ನನಗೂ ತಿಳೀವಲ್ದವ್ವಾ' ಅಂತಿದ್ರಿ. ನಾಳೆ ನಾ ಯಾರಿಗೆ ಕೇಳಲ್ರಿ?"

ಆಕಿ ನೌಕರಿ ಉಳೀತು, ಕಾಯಂ ಆತು, ಆಕಿ ತಾಯಿ ಮಂದಿ ಹೊಲಕ್ಕ ಹೋಗೂದು ಬಿಟ್ಲು. ನಾ ಚಲೋದ ಮಾಡೇನಿ ಅಂತ ಊರಾಗ ಎಲ್ಲಾರೂ ಅಂದ್ರು. ಮಾಡಿದ್ನೋ ಇಲ್ಲೋ ನನಗ ಇವತ್ತಿಗೂ ತಿಳೀವಲ್ದು. ಮುಂದ ಒಂದು ದಿವಸ ಯಾವುದೋ ಕೆಲಸಕ್ಕ ಆಫೀಸಿಗೆ ಹೋಗಿದ್ನಿ. ಮಶೀನ್ ಮತ್ತೇನೋ ಆಗಿ ನಿಂತಿತ್ತು, ಮಂದಿ ಬಾಗಿಲದಾಗ ಗದ್ದಲ ಹಚ್ಚಿದ್ರು. ಸುನಂದಾ ಪರದೆ ನೋಡಕೋತ ಒಬ್ಬಾಕಿನ ಕುಂತಿದ್ಲು. ಬಾಜೂಕ ನಾ ಕುಂದರತಿದ್ದ ಕುರ್ಚಿ ಸೊಸಾಯ್ಟಿಯಾವ್ರು ಮಾರಿಬಿಟ್ಟಿದ್ರು.